ಸುಟ್ಟ ಕೊಳವೆಯನ್ನು ಎಸೆಯಬೇಡಿ

ಮಾಡೆಲ್ ರಾಕೆಟ್ ಏಳಲೇ ಇಲ್ಲ, ಹಾರಿಸುವ ಕಟ್ಟೆಯಾದ ಪ್ಯಾಡ್ ಮೇಲೇ ಸಿಡಿಯಿತು, ಇಲ್ಲವೇ ಪ್ಯಾರಾಶೂಟ್ ಬಿಚ್ಚದೆ ಎರೆಹೊಲದಲ್ಲಿ ಮೂಗು ಹೂತುಕೊಂಡು ನಿಂತಿತು. ಏನೇ ಆದರೂ ಮೊದಲು ಬೈಸಿಕೊಳ್ಳುವುದು ಮೋಟರ್, ಅಂದರೆ ರಾಕೆಟ್ಟನ್ನು ಮೇಲೆತ್ತುವ ಮದ್ದಿನ ಕೊಳವೆ. ಬೈಯುವ ಹೊತ್ತಿನಲ್ಲಿ ಸುಟ್ಟ ಕೊಳವೆ ಅಲ್ಲೇ ಮಣ್ಣಲ್ಲಿ ಬಿದ್ದಿರುತ್ತದೆ, ಯಾರೂ ಎತ್ತಿ ನೋಡಿರುವುದಿಲ್ಲ. ಮೋಟರಿನದೇ ದೋಷ ಇರುವುದು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಕರೆಂಟಿನಿಂದ ಕಾದು ಮದ್ದಿಗೆ ಬೆಂಕಿ ಹಚ್ಚುವ ಇಗ್ನೈಟರ್, ವೈರು, ರಾಕೆಟ್ಟಿನ ತೂಕ, ತುದಿಯಲ್ಲಿ ಬಿಗಿಯಾಗಿ ಕೂತ ನೋಸ್ ಕೋನ್, ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಡಬ್ಬಿ, ಇವುಗಳ ಪಾಲು ಅದಕ್ಕಿಂತ ದೊಡ್ಡದು. ಯಾರ ತಪ್ಪೆಂದು ಬಹುಮಟ್ಟಿಗೆ ಆ ಕೊಳವೆ ನೋಡಿಯೇ ಹೇಳಬಹುದು.

ಇಲ್ಲಿ ಬರೆದದ್ದೆಲ್ಲ ಕಾರ್ಖಾನೆಯಲ್ಲಿ ತಯಾರಾಗಿ, ಮೇಲೆ ಸಂಕೇತ ಮುದ್ರಿಸಿಕೊಂಡು ಬಂದ ಮೋಟರುಗಳ ಬಗ್ಗೆ ಮಾತ್ರ. ಮನೆಯಲ್ಲಿ ಮದ್ದು ತುಂಬಿದ ಕೊಳವೆಗಳ ಮಾತೇ ಇಲ್ಲಿಲ್ಲ. ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಅಪರಾಧ. ಅದು ಒತ್ತಟ್ಟಿಗಿರಲಿ, ಕೈಯಿಂದ ತುಂಬಿದ್ದು ಸಿಡಿದರೆ ಅದು ದೋಷವೋ, ಅದರ ಸ್ವಭಾವವೇ ಹಾಗೋ ಎಂದು ತೂಗಿ ನೋಡಲು ಏನೂ ಇರುವುದಿಲ್ಲ. 1954ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಚಪ್ಪಲಿ ಅಂಗಡಿಯ ಆರ್ವಿಲ್ ಕಾರ್ಲೈಲ್ ಮತ್ತು ಅವರ ಸಹೋದರ ರಾಬರ್ಟ್ ಮೊದಲ ಮಾಡೆಲ್ ರಾಕೆಟ್ ಮಾಡಿದರು. ಆಮೇಲೆ ವರ್ನ್ ಎಸ್ಟೆಸ್ ಮೋಟರ್ ಒತ್ತುವ ಯಂತ್ರ ಕಟ್ಟಿದರು. ಹುಡುಗರು ಮದ್ದು ಅರೆಯುವುದನ್ನು ಬಿಟ್ಟು, ಒಂದರಂತೆ ಇನ್ನೊಂದು ಇರುವ ಮೋಟರನ್ನು ಕೊಂಡು ಹಾರಿಸಲಿ ಎಂಬ ತತ್ವದ ಮೇಲೆಯೇ ಈ ಹವ್ಯಾಸ ನಿಂತಿದೆ.

ಕರಿಮದ್ದಿನ ಮೋಟರ್ ಎಂದರೆ ದಪ್ಪ ಕಾಗದದ ಕೊಳವೆ, ಹೆಚ್ಚಾಗಿ 18 ಮಿ.ಮೀ. ವ್ಯಾಸ, 70 ಮಿ.ಮೀ. ಉದ್ದ. ಕೆಳಗೆ ಬಿಸಿ ಅನಿಲ ಹೊರಬೀಳುವ ಸಣ್ಣ ತೂತಿನ ಜೇಡಿಮಣ್ಣಿನ ನಾಜಲ್. ಅದರ ಮೇಲೆ ಗಟ್ಟಿಯಾಗಿ ಒತ್ತಿ ಕೂರಿಸಿದ ಮದ್ದು, ಆಮೇಲೆ ನಿಧಾನಕ್ಕೆ ಉರಿಯುವ ಡಿಲೇ, ಅದರ ಮೇಲೆ ಪ್ಯಾರಾಶೂಟನ್ನು ಹೊರದಬ್ಬುವ ಇಜೆಕ್ಷನ್ ಚಾರ್ಜ್, ತುದಿಗೆ ತೆಳುವಾದ ಮಣ್ಣಿನ ಮುಚ್ಚಳ. ಸಿ6-5 ಎಂದು ಬರೆದಿದ್ದರೆ, ಸಿ ಅಂದರೆ ಒಟ್ಟು ಇಂಪಲ್ಸ್ (ತಳ್ಳುವ ಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು) 5ಕ್ಕಿಂತ ಹೆಚ್ಚು, 10 ನ್ಯೂಟನ್-ಸೆಕೆಂಡಿನೊಳಗೆ. 6 ಎಂಬುದು ಸರಾಸರಿ ಥ್ರಸ್ಟ್, ಅಂದರೆ ತಳ್ಳುವ ಬಲ, ನ್ಯೂಟನ್‌ಗಳಲ್ಲಿ. 5 ಎಂಬುದು ಡಿಲೇಯ ಸೆಕೆಂಡು. ಕೊನೆಯಲ್ಲಿ ಸೊನ್ನೆ ಇದ್ದರೆ ಅದು ಹಲವು ಹಂತದ ರಾಕೆಟ್ಟಿನ ಕೆಳಹಂತಕ್ಕೆ ಹಾಕುವ ಬೂಸ್ಟರ್. ಅದರಲ್ಲಿ ಡಿಲೇಯೂ ಇಲ್ಲ, ಇಜೆಕ್ಷನ್ನೂ ಇಲ್ಲ. ಸಿ6-0 ಹಾಕಿ ಪ್ಯಾರಾಶೂಟ್ ಬರಲಿಲ್ಲವೆಂದು ಮೋಟರನ್ನು ದೂರುವವರಿಗೇನೂ ಕಡಿಮೆಯಿಲ್ಲ.

ಮೊದಲು ಹೊತ್ತಿಕೊಳ್ಳದ ಮೋಟರ್. ಬಟನ್ ಒತ್ತಿದರೂ ಸದ್ದಿಲ್ಲದಿದ್ದರೆ ಕಂಟ್ರೋಲರ್‌ನ ಸೇಫ್ಟಿ ಕೀ ಕಿತ್ತುಕೊಳ್ಳಿ ಅಥವಾ ಬ್ಯಾಟರಿ ಬಿಡಿಸಿ. ಕೊನೆಯ ಸಲ ಬಟನ್ ಒತ್ತಿದಾಗಿನಿಂದ 60 ಸೆಕೆಂಡು ಯಾರೂ ಪ್ಯಾಡ್ ಹತ್ತಿರ ಸುಳಿಯಬಾರದು. ಅಂದಾಜಿಗೆ ಎಣಿಸಬೇಡಿ, ಫೋನಿನಲ್ಲಿ ಟೈಮರ್ ಹಾಕಿ. ಸುತ್ತ ಹುಡುಗರು ನಿಂತಾಗ ಅಂದಾಜಿನ 60 ಇಪ್ಪತ್ತಕ್ಕೇ ಮುಗಿಯುತ್ತದೆ. ಪ್ಯಾಡ್ ಹತ್ತಿರ ಹೋಗುವವರ ಜೇಬಿನಲ್ಲೇ ಆ ಕೀ ಇರಬೇಕು.

ರಾಕೆಟ್ ಇಳಿಸಿ ಇಗ್ನೈಟರ್ ಹೊರಗೆಳೆದರೆ ಅರ್ಧ ಉತ್ತರ ಸಿಕ್ಕಂತೆ. ಅದು ಸುಡದೆ ಹಾಗೇ ಇದ್ದರೆ ಮೋಟರಿಗೆ ಕರೆಂಟೇ ಮುಟ್ಟಿಲ್ಲ. ಸಾಮಾನ್ಯ ನೈಕ್ರೋಮ್ ಇಗ್ನೈಟರಿನ ರೋಧ ಅರ್ಧದಿಂದ 1 ಓಮ್ ಆಸುಪಾಸು. ಕಂಟ್ರೋಲರಿನಿಂದ ಪ್ಯಾಡಿಗೆ 10 ಮೀಟರ್ ವೈರು ಎಂದರೆ ಹೋಗಿ ಬರುವುದು 20 ಮೀಟರ್. ಅರ್ಧ ಚದರ ಮಿ.ಮೀ. ತಾಮ್ರದ ವೈರಾದರೆ ಅದರದ್ದೇ 0.7 ಓಮ್ ಆಯಿತು, ಅಂದರೆ ಬ್ಯಾಟರಿಯ ಶಕ್ತಿಯಲ್ಲಿ ಅರ್ಧದಷ್ಟು ವೈರು ಕಾಯಿಸುವುದಕ್ಕೇ ಹೋಯಿತು. 1 ಚದರ ಮಿ.ಮೀ. ವೈರು ಹಾಕಿದರೆ 0.35ಕ್ಕೆ ಇಳಿಯುತ್ತದೆ. ನಾಲ್ಕು ಪೆನ್ಸಿಲ್ ಸೆಲ್ಲಿನ ಪೆಟ್ಟಿಗೆಯನ್ನು ನಂಬಬೇಡಿ. ಯುಪಿಎಸ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಕಷ್ಟು ಕರೆಂಟ್ ಕೊಡುತ್ತದೆ. ಬ್ಯಾಟರಿಯನ್ನು ಸುಮ್ಮನೆ ಅಳೆದು 12.6 ಇದೆ ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಮೋಟರಿಗೆ ಹಾಕದ ಒಂದು ಬಿಡಿ ಇಗ್ನೈಟರನ್ನು ಕ್ಲಿಪ್ಪಿಗೆ ಸಿಕ್ಕಿಸಿ, ದೂರದಲ್ಲಿ ಮಣ್ಣಿನ ಮೇಲಿಟ್ಟು, ಬಟನ್ ಒತ್ತಿದಾಗ ಕ್ಲಿಪ್ ಹತ್ತಿರ ಎಷ್ಟು ವೋಲ್ಟ್ ಉಳಿಯುತ್ತದೆ ನೋಡಿ. ಮಲ್ಟಿಮೀಟರಿನಲ್ಲಿ ಇಗ್ನೈಟರ್ ಅಳೆಯುವಾಗ ಮೊದಲು ಎರಡೂ ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಕಳೆಯಬೇಕು, ಇಲ್ಲದಿದ್ದರೆ ಅಗ್ಗದ ಮೀಟರ್ ತನ್ನ ವೈರನ್ನೂ ಸೇರಿಸಿ ಹೇಳುತ್ತದೆ. ಕ್ಲಿಪ್‌ಗಳ ಹಲ್ಲಿಗೆ ಹಿಂದಿನ ಹಾರಾಟದ ಮಸಿ ಹತ್ತಿರುತ್ತದೆ. ಪ್ರತಿ ಸಲವೂ ಪಾಲಿಶ್ ಪೇಪರಿನಿಂದ ಉಜ್ಜಿ. ಎರಡು ಕ್ಲಿಪ್ ಒಂದಕ್ಕೊಂದು ತಾಗಿದ್ದರೂ, ಎರಡೂ ಕೂಡಿ ಪ್ಯಾಡ್ ಮೇಲೆ ಜ್ವಾಲೆ ತಡೆಯುವ ಕಬ್ಬಿಣದ ಡಿಫ್ಲೆಕ್ಟರಿಗೆ ತಾಗಿದ್ದರೂ ಇದೇ ಫಲ.

ಇಗ್ನೈಟರ್ ಸುಟ್ಟಿದೆ, ಮೋಟರ್ ಮಾತ್ರ ಹೊತ್ತಿಲ್ಲ ಅಂದರೆ ತುದಿ ಮದ್ದಿಗೆ ಮುಟ್ಟಿರಲಿಲ್ಲ. ಒಂದೆರಡು ಮಿಲಿಮೀಟರ್ ಕೆಳಗಿದ್ದರೂ ಸಾಕು, ಕಿಡಿ ನಾಜಲ್ಲಿನಲ್ಲೇ ಸಾಯುತ್ತದೆ. ಕ್ಲಿಪ್‌ನ ಭಾರಕ್ಕೆ ಇಗ್ನೈಟರ್ ಜಾರುವುದೇ ಇದರ ಮೂಲ. ಇಗ್ನೈಟರನ್ನು ನಾಜಲ್ಲಿನಲ್ಲಿ ಹಿಡಿದಿಡುವ ಪ್ಲಗ್ ಒತ್ತಿ ಕೂರಿಸಿ, ವೈರನ್ನು ಪ್ಯಾಡಿನ ಕಾಲಿಗೆ ಟೇಪಿನಿಂದ ಕಟ್ಟಿ ಭಾರ ತೆಗೆಯಿರಿ. ಹೊಸ ಇಗ್ನೈಟರ್ ಹಾಕುವ ಮೊದಲು ನಾಜಲ್ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ ಹಳೆಯ ಬೂದಿ ಬೀಳಿಸಿ. ಸೂಜಿ, ಸ್ಕ್ರೂಡ್ರೈವರ್, ಮೊಳೆ ಯಾವುದನ್ನೂ ಒಳಗೆ ತೂರಿಸಬೇಡಿ. ಸರಿಯಾಗಿ ಕೂರಿಸಿದ ಎರಡು ಇಗ್ನೈಟರ್ ಸುಟ್ಟ ಮೇಲೂ ಹೊತ್ತದಿದ್ದರೆ ಆಗ ಮೋಟರನ್ನು ದೂರಬಹುದು. ಮೂರನೆಯದನ್ನು ಹಾಕುವುದು ಹಟ ಅಷ್ಟೇ. ಪಕ್ಕಕ್ಕಿಡಿ.

ಇನ್ನು ಸಿಡಿಯುವುದು. ಹವ್ಯಾಸಿಗಳು ಇದಕ್ಕೆ ಕೇಟೋ ಎನ್ನುತ್ತಾರೆ. ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ, ಕೊಳವೆ ಎತ್ತಿ ಬಿಸಿಲಿಗೆ ಹಿಡಿದರೆ ತಿಳಿಯುತ್ತದೆ. ನಾಜಲ್ ಕಿತ್ತುಹೋಗಿ ಕಾಗದ ಗಟ್ಟಿಯಾಗಿಯೇ ಇದ್ದರೆ ಒತ್ತಡ ಕೆಳಗಿನಿಂದ ಹೊರಬಿದ್ದಿದೆ. ರಾಕೆಟ್ ಮೊಳ ಎತ್ತರ ಎದ್ದು ಬೀಳುತ್ತದೆ, ಉಳಿದ ಮದ್ದು ಒತ್ತಡವಿಲ್ಲದೆ ಪ್ಯಾಡ್ ಮೇಲೆಯೇ ದೊಡ್ಡ ಜ್ವಾಲೆಯಾಗಿ ಉರಿಯುತ್ತದೆ. ನಾಜಲ್ ಉಳಿದು ಮುಂದಿನ ತುದಿ ತೂರಿಹೋಗಿದ್ದರೆ ಬೆಂಕಿ ರಾಕೆಟ್ಟಿನ ಒಡಲಿಗೇ ನುಗ್ಗಿದೆ. ಪ್ಯಾರಾಶೂಟ್ ಕರಗಿ ಮುದ್ದೆಯಾಗಿರುತ್ತದೆ, ಬಾಡಿ ಟ್ಯೂಬ್ ಒಳಗಿನಿಂದ ಕಪ್ಪಾಗಿರುತ್ತದೆ. ಕೊಳವೆಯ ಪಕ್ಕವೇ ಸೀಳಿದ್ದರೆ ಕಾಗದಕ್ಕೆ ಮೊದಲೇ ಪೆಟ್ಟು ಬಿದ್ದಿತ್ತೇ ಎಂದು ಕೇಳಿಕೊಳ್ಳಬೇಕು. ತಗ್ಗು ಬಿದ್ದ, ಗಟ್ಟಿ ನೆಲಕ್ಕೆ ಬಿದ್ದೆದ್ದ, ನಾಜಲ್ ಬಿರುಕು ಬಿಟ್ಟ, ಮುಚ್ಚಳದ ಮಣ್ಣು ಉದುರುವ ಮೋಟರನ್ನು ಹಾರಿಸಬಾರದು. ಹೊರಗೆ ಏನೂ ಕಾಣದಿದ್ದರೂ ಬಿದ್ದ ಪೆಟ್ಟಿನಿಂದ ಒಳಗಿನ ಮದ್ದು ಸೀಳಿರಬಹುದು.

ಈ ಮೂರಕ್ಕೂ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಪಡಬೇಕಾದದ್ದು ಬಿಸಿಲನ್ನು. ಮದ್ದು ಕಾಗದದ ಗೋಡೆಗೆ ಅಂಟಿಕೊಂಡಂತೆ ಒತ್ತಿರುತ್ತದೆ. ಹಾಗಿದ್ದರೆ ಉರಿ ಕೆಳಗಿನಿಂದ ಮೇಲಕ್ಕೆ ಮಾತ್ರ ಏರುತ್ತದೆ, ಸಿ6 ಹತ್ತಿರ ಹತ್ತಿರ 2 ಸೆಕೆಂಡು ಹದವಾಗಿ ಉರಿಯುತ್ತದೆ. ಕಾದಾಗ ಮದ್ದು ಹಿಗ್ಗುವುದು ಒಂದು ಪ್ರಮಾಣ, ಕಾಗದ ಹಿಗ್ಗುವುದು ಇನ್ನೊಂದು ಪ್ರಮಾಣ. ತಣಿದಾಗ ಎರಡೂ ಮೊದಲಿನ ಜಾಗಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಬಾವಿಯ ಕಟ್ಟೆಯನ್ನು ಬಿಟ್ಟುಕೊಡುವಂತೆ ಮದ್ದು ಕೊಳವೆಯ ಗೋಡೆಯನ್ನು ಬಿಡುತ್ತದೆ, ಇಲ್ಲವೇ ಅಡ್ಡ ಸೀಳುತ್ತದೆ. ಕಣ್ಣಿಗೆ ಕಾಣದ ಆ ಸಂದಿನಲ್ಲಿ ಜ್ವಾಲೆ ನುಸುಳಿದರೆ ಮದ್ದಿನ ತಳವಷ್ಟೇ ಅಲ್ಲ, ಪಕ್ಕವೆಲ್ಲ ಒಮ್ಮೆಗೇ ಹೊತ್ತುತ್ತದೆ. ಅನಿಲ ಹಲವು ಪಟ್ಟು ಹುಟ್ಟುತ್ತದೆ. ನಾಜಲ್ಲಿನ ಸಣ್ಣ ತೂತಿನಿಂದ ಅಷ್ಟೂ ಹೊರಹೋಗಲಾರದು, ಯಾವುದು ದುರ್ಬಲವೋ ಅದು ಕಿತ್ತುಹೋಗುತ್ತದೆ. ಹೊತ್ತಿದ ಕೂಡಲೇ ಸಿಡಿದು, ಕೊಳವೆಯ ಒಳಗೋಡೆಯ ಒಂದೇ ಮಗ್ಗುಲಲ್ಲಿ ಉದ್ದಕ್ಕೆ ಗಾಢವಾದ ಸುಟ್ಟ ಪಟ್ಟಿ ಇದ್ದರೆ ಈ ಕಾರಣವೇ ಎಂದು ಹೆಚ್ಚುಕಡಿಮೆ ಹೇಳಬಹುದು. 24 ಮಿ.ಮೀ.ನ ಡಿ, ಇ ಮೋಟರುಗಳಲ್ಲಿ ಮದ್ದಿನ ಕಂಬ ದೊಡ್ಡದು, ಅವು ಇದಕ್ಕೆ ಬೇಗ ತುತ್ತಾಗುತ್ತವೆ.

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನ ಉಷ್ಣಾಂಶವೇ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡು, ಮುಚ್ಚಿದ ಕಾರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತವೆ, ರಾತ್ರಿ ಮತ್ತೆ ತಣಿಯುತ್ತವೆ. ದಿನಕ್ಕೊಂದು ಸುತ್ತು ಹೀಗೆ ಕಾದು ತಣಿಯುವುದೇ ಮೋಟರಿಗೆ ಮುಳುವು. ಕಾಲೇಜಿನ ಮೇಲ್ಮಹಡಿಯ ಲ್ಯಾಬಿಗಿಂತ ನೆಲಮಹಡಿಯ ಉತ್ತರದ ಕೋಣೆ ಒಳ್ಳೆಯದು. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಹಳೇ ಮನೆ ಇನ್ನೂ ಒಳ್ಳೆಯದು, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪುಡಿಕೆ. ಬೆಳಗಾವಿಯ ಮಳೆಗಾಲಕ್ಕೆ ಈ ಪುಡಿಕೆ ಬೇಕೇ ಬೇಕು, ಕಾಗದ ತೇವ ಹೀರುತ್ತದೆ, ಇಗ್ನೈಟರ್ ತುದಿಯ ಲೇಪ ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಡುವ ಉಪಾಯ ಬೇಡ: ಹೊರತೆಗೆದಾಗ ಬೆವರುತ್ತದೆ, ಮೇಲಾಗಿ ಅದೂ ಒಂದು ಬಿಸಿ-ತಂಪಿನ ಸುತ್ತೇ. ಹಾರಿಸುವ ದಿನ ಹೊಲಕ್ಕೆ ಒಯ್ಯುವಾಗ ಥರ್ಮಾಕೋಲ್ ಪೆಟ್ಟಿಗೆ, ಐಸ್ ಇಲ್ಲದೆ, ನೆರಳಲ್ಲಿ. ಇಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಬೆಳಗಿನ ಹೊತ್ತು ಹಾರಿಸಿದರೆ ಅರ್ಧ ತೊಂದರೆ ತಾನಾಗಿಯೇ ತಪ್ಪುತ್ತದೆ.

ಸರಿಯಾಗಿ ಏರಿತು, ಪ್ಯಾರಾಶೂಟ್ ಬರಲಿಲ್ಲ. ಈ ದೂರೇ ಎಲ್ಲಕ್ಕಿಂತ ಹೆಚ್ಚು, ಮತ್ತು ಇದರಲ್ಲೇ ಮೋಟರ್ ಹೆಚ್ಚಾಗಿ ನಿರಪರಾಧಿ. ಆದರೂ ಬಿದ್ದ ರಾಕೆಟ್ಟಿನತ್ತ ಓಡಬೇಡಿ. ಇಜೆಕ್ಷನ್ ಚಾರ್ಜ್ ಸಿಡಿಯದೆ ಒಳಗೇ ಉಳಿದಿದ್ದರೆ ಅದು ಕೈಯಲ್ಲಿದ್ದಾಗಲೂ ಸಿಡಿಯಬಹುದು. ಇಲ್ಲೂ ಒಂದು ನಿಮಿಷ ಕಾಯಿರಿ, ಎತ್ತುವಾಗ ಎರಡೂ ತುದಿ ಮುಖದಿಂದ, ಜನರಿಂದ ಆಚೆಗಿರಲಿ. ಮೋಟರ್ ಹೊರತೆಗೆದು ಪಕ್ಕದಿಂದ ನೋಡಿ. ಮುಂದಿನ ಮಣ್ಣಿನ ಮುಚ್ಚಳ ಹೋಗಿ ತುದಿ ಖಾಲಿಯಾಗಿದ್ದರೆ ಚಾರ್ಜ್ ಸಿಡಿದಿದೆ, ಮೋಟರ್ ತನ್ನ ಕೆಲಸ ಮಾಡಿದೆ. ಮುಚ್ಚಳ ಹಾಗೇ ಇದ್ದರೆ ಡಿಲೇ ನಡುವೆ ಆರಿದೆ, ಆ ಕೊಳವೆ ಇನ್ನೂ ಜೀವಂತ. ಅದನ್ನು ನೇರವಾಗಿ ನೀರಿನ ಬಕೆಟ್ಟಿಗೆ ಹಾಕಿ.

ಚಾರ್ಜ್ ಸಿಡಿದೂ ಪ್ಯಾರಾಶೂಟ್ ಬರದಿದ್ದರೆ ನೋಸ್ ಕೋನ್ ನೋಡಿ. ರಾಕೆಟ್ಟನ್ನು ನೋಸ್ ಕೋನ್ ಹಿಡಿದು ಎತ್ತಿದಾಗ ಬಾಡಿ ಜಾರಬಾರದು, ಮೆಲ್ಲಗೆ ಜಾಡಿಸಿದರೆ ಬಿಟ್ಟುಕೊಳ್ಳಬೇಕು. ಅಷ್ಟೇ ಬಿಗಿ ಸಾಕು. ಮೋಟರ್ ಬೇರೆ ಕಡೆ, ರಾಕೆಟ್ ಬೇರೆ ಕಡೆ ಬಿದ್ದಿದ್ದರೆ ಇಜೆಕ್ಷನ್ನಿನ ಒತ್ತಡ ಪ್ಯಾರಾಶೂಟನ್ನು ದಬ್ಬುವ ಬದಲು ಮೋಟರನ್ನೇ ಹಿಂದಕ್ಕೆ ಉಗುಳಿದೆ. ಮೋಟರನ್ನು ಹಿಡಿದಿಡುವ ಹುಕ್ ಸಡಿಲ, ಅಥವಾ ಹುಕ್ ಇಲ್ಲದ ಮೌಂಟ್‌ನಲ್ಲಿ (ಮೋಟರ್ ಕೂರುವ ಗೂಡಿನಲ್ಲಿ) ಮಾಸ್ಕಿಂಗ್ ಟೇಪಿನ ಸುತ್ತು ಕಡಿಮೆ. ಮೋಟರ್ ಒತ್ತಿ ಕೂರಿಸುವಾಗ ಹೆಬ್ಬೆರಳಿಗೆ ಬಲ ಬೇಕು ಅನ್ನಿಸುವವರೆಗೆ ಸುತ್ತಿ. ಪ್ಯಾರಾಶೂಟ್ ಸುಟ್ಟಿದ್ದರೆ, ಅದಕ್ಕೂ ಮೋಟರಿಗೂ ನಡುವೆ ತುರುಕುವ ವಾಡಿಂಗ್ ಸಾಲಲಿಲ್ಲ. ಬೆಂಕಿ ಹತ್ತದ ವಾಡಿಂಗನ್ನೇ ಹಾಕಿ. ಹತ್ತಿ, ಪೇಪರ್ ತುಂಬಿದರೆ ಉರಿಯುತ್ತಾ ಬಂದು ಯಾರದೋ ಬಣವಿ ಮೇಲೆ ಬೀಳುತ್ತದೆ, ಆಮೇಲಿನ ಮಾತುಕತೆ ರಾಕೆಟ್ ಬಗ್ಗೆ ಇರುವುದಿಲ್ಲ.

ಪ್ಯಾರಾಶೂಟ್ ತಡವಾಗಿ ಬಂದರೆ ವೇಗದಲ್ಲಿ ಬಿಚ್ಚಿಕೊಂಡು ದಾರ ಬಾಡಿ ಟ್ಯೂಬನ್ನು ಮೇಲಿನಿಂದ ಸೀಳುತ್ತದೆ. ಡಿಲೇ ಕೆಟ್ಟಿತೆನ್ನುವ ಮೊದಲು ತೂಕ ನೋಡಿ. ಸಿ6-5ಕ್ಕೆ ತಯಾರಕರು ಹೇಳುವ ಗರಿಷ್ಠ ತೂಕ 113 ಗ್ರಾಂ, ಮೋಟರ್ ಸೇರಿ. ಅದರ ಹತ್ತಿರವಿರುವ ಭಾರದ ರಾಕೆಟ್ 5 ಸೆಕೆಂಡಿನೊಳಗೇ ತುದಿ ಮುಟ್ಟಿ ಬೀಳತೊಡಗಿರುತ್ತದೆ, ಅದಕ್ಕೆ ಸಿ6-3 ಬೇಕಿತ್ತು. ಹಗುರಾದದ್ದಕ್ಕೆ ಸಿ6-7. ನಿಜವಾದ ಡಿಲೇ ಅಳೆಯಲು ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮ್ ವಿಡಿಯೊ ಸಾಕು. ಜ್ವಾಲೆ ಆರಿದ ಫ್ರೇಮಿನಿಂದ ಇಜೆಕ್ಷನ್ ಹೊಗೆ ಕಂಡ ಫ್ರೇಮಿನವರೆಗೆ ಎಣಿಸಿ, 300 ಬಂದರೆ 5 ಸೆಕೆಂಡು. ಬಿಸಿಲಲ್ಲಿ ಜ್ವಾಲೆ ಕಾಣದಿದ್ದರೆ ರಾಕೆಟ್ ಎದ್ದ ಕ್ಷಣದಿಂದ ಎಣಿಸಿ ಸಿ6ರ ಉರಿಯ ಸಮಯ ಸುಮಾರು 1.9 ಸೆಕೆಂಡು ಕಳೆಯಿರಿ. ಸದ್ದನ್ನು ಹಿಡಿದು ಎಣಿಸಬೇಡಿ, 100 ಮೀಟರ್ ಎತ್ತರದ ಸದ್ದು ಕಿವಿಗೆ ಬರಲು 0.3 ಸೆಕೆಂಡು ಬೇಕು. 5 ಎಂದು ಬರೆದದ್ದು ನಾಲ್ಕಕ್ಕೋ ಆರಕ್ಕೋ ಸಿಡಿದರೆ ದೋಷವಲ್ಲ, ಅಷ್ಟು ಹಿಂದುಮುಂದು ಇದ್ದೇ ಇರುತ್ತದೆ. ಎಂಟಕ್ಕೆ ಸಿಡಿದರೆ ಬರೆದಿಡಿ.

ಅಮೋನಿಯಂ ಪರ್‌ಕ್ಲೋರೇಟಿನ ಕಾಂಪೋಸಿಟ್ ಮೋಟರುಗಳ ರೋಗಗಳೇ ಬೇರೆ. ಅವು ಪ್ಯಾಡ್ ಮೇಲೆ ಕೆಮ್ಮುತ್ತವೆ: ಪುಸ್ ಎಂದು ಹೊಗೆ, ಮೌನ, ಮತ್ತೆ ಪುಸ್. ಇಗ್ನೈಟರ್ ಮೇಲಿನ ತುದಿಯವರೆಗೆ ಹೋಗಿಲ್ಲವೆಂಬುದು ಇದರ ಸಾಮಾನ್ಯ ಅರ್ಥ. ಮದ್ದಿನ ನಡುವಿನ ತೂತು ಮೇಲಿನಿಂದ ಕೆಳಗಿನವರೆಗೆ ಒಮ್ಮೆಗೇ ಹೊತ್ತಿದರೆ ಮಾತ್ರ ಒತ್ತಡ ನಿಲ್ಲುತ್ತದೆ. ಜೋಡಿಸುವ ಮೊದಲು ಇಗ್ನೈಟರನ್ನು ಮೋಟರಿನ ಪಕ್ಕ ಹಿಡಿದು ಆಳ ಅಳೆದು ವೈರಿಗೆ ಟೇಪಿನ ಗುರುತು ಹಾಕಿ, ಆ ಗುರುತು ನಾಜಲ್ಲಿಗೆ ಬರುವವರೆಗೆ ತೂರಿಸಿ. ಕೆಮ್ಮಿದ ಮೋಟರಿಗೆ 60 ಸೆಕೆಂಡಿನ ಎಣಿಕೆ ಕೊನೆಯ ಹೊಗೆಯಿಂದ ಶುರು, ಬಟನ್ನಿನಿಂದಲ್ಲ. ಕಾರ್ಖಾನೆಯಿಂದ ಬಂದ ಮದ್ದಿನ ತುಂಡುಗಳನ್ನು ಜೋಡಿಸಿ ಮತ್ತೆ ಮತ್ತೆ ಬಳಸುವ ಅಲ್ಯೂಮಿನಿಯಂ ಕೇಸಿನ ರೀಲೋಡ್ ಮೋಟರುಗಳಲ್ಲಿ ದೋಷ ಹೆಚ್ಚಾಗಿ ಜೋಡಿಸಿದವರ ಕೈಯದ್ದು. ಸಂದು ಮುಚ್ಚುವ ರಬ್ಬರ್ ಬಳೆಯಾದ ಓ-ರಿಂಗ್ ಮರೆತರೆ, ತಿರುಚಿದರೆ, ಗ್ರೀಸ್ ಹಚ್ಚದಿದ್ದರೆ ಬಿಸಿ ಅನಿಲ ಅಲ್ಲಿಂದ ಸೋರುತ್ತದೆ. ಡಿಲೇಯ ಓ-ರಿಂಗ್ ಬಿಟ್ಟುಹೋಗಿದ್ದರೆ ರಾಕೆಟ್ ಮೇಲೇರುತ್ತಿರುವಾಗಲೇ ಇಜೆಕ್ಷನ್ ಸಿಡಿಯುತ್ತದೆ. ಬಿಚ್ಚಿದಾಗ ಓ-ರಿಂಗನ್ನು ದಾಟಿ ಆಚೆಗೆ ಹೋದ ಮಸಿಯ ಗೆರೆ ಎಲ್ಲಿದೆಯೋ ಸೋರಿದ್ದು ಅಲ್ಲೇ. ಹೀಗಾಗಿ ಕೆಟ್ಟ ರೀಲೋಡನ್ನು ತೊಳೆಯುವ ಮೊದಲು ಫೋಟೊ ತೆಗೆಯಿರಿ. ತೊಳೆದ ಕೇಸು ತಯಾರಕರಿಗೆ ಏನನ್ನೂ ಹೇಳುವುದಿಲ್ಲ.

ಯಾವ ಮೋಟರೂ ಸಿಡಿಯಬಹುದೆಂದು ಇಟ್ಟುಕೊಂಡೇ ಜಾಗ ಆರಿಸಬೇಕು. ಹರಗಿದ ಎರೆಹೊಲಕ್ಕೆ ಸಮನಾದದ್ದಿಲ್ಲ. ಕೊಯ್ದ ಜೋಳದ ಕೂಳೆ, ಕಬ್ಬಿನ ರವದಿ, ಕಣಕಿ ಬಣವಿ ಇರುವ ಕಡೆ ಬೇಡವೇ ಬೇಡ. ಡಿವರೆಗಿನ ಮೋಟರಿಗೆ ಜನ ಕನಿಷ್ಠ 5 ಮೀಟರ್, ಅದಕ್ಕಿಂತ ದೊಡ್ಡದಕ್ಕೆ 9 ಮೀಟರ್ ದೂರ. ಸಿ ಮೋಟರಿಗೆ ಹೊಲದ ಚಿಕ್ಕ ಮಗ್ಗುಲೂ 122 ಮೀಟರ್ ಇರಬೇಕು. ಪ್ಯಾಡ್ ಸುತ್ತ ನೀರು ಚಿಮುಕಿಸಿ, ಎರಡು ಒದ್ದೆ ಗೋಣಿಚೀಲ, ತುಂಬಿದ ಕೊಡ ಹತ್ತಿರವಿರಲಿ. ಬೆಳಗಾವಿಯವರು ಸಾಂಬ್ರಾ ವಿಮಾನ ನಿಲ್ದಾಣ, ವಾಯುಪಡೆ ನೆಲೆ, ಸೇನೆಯ ಕ್ಯಾಂಪ್ ಪ್ರದೇಶಗಳಿಂದ ದೂರವೇ ಇರಬೇಕೆಂದು ಬೇರೆ ಹೇಳಬೇಕಿಲ್ಲ. ಎಲ್ಲಿಯವರೇ ಆಗಲಿ, ಅನುಮತಿ ಕೈಯಲ್ಲಿದ್ದರೆ ಮಾತ್ರ ಹೊಲಕ್ಕೆ ಹೋಗಿ.

ಕೆಟ್ಟ ಮೋಟರಿಗೆ ಒಂದು ಪುಟ ಮೀಸಲಿಡಿ. ಸಂಕೇತ, ಕೊಳವೆಯ ಮೇಲಿನ ತಾರೀಖು ಅಥವಾ ಲಾಟ್ ಸಂಖ್ಯೆ, ಎಲ್ಲಿಟ್ಟಿದ್ದಿರಿ, ಎಷ್ಟು ಬೇಸಿಗೆ ಕಂಡಿದೆ, ಆ ದಿನದ ಉಷ್ಣಾಂಶ, ರಾಕೆಟ್ ತೂಕ, ಯಾವ ಇಗ್ನೈಟರ್, ಏನಾಯಿತು, ಎಷ್ಟನೇ ಸೆಕೆಂಡಿಗೆ. ನಾಜಲ್ ಕಡೆಯಿಂದ, ಮುಂದಿನ ತುದಿಯಿಂದ, ಪಕ್ಕದಿಂದ ಮೂರು ಫೋಟೊ, ಅಳತೆಗೆ ಸ್ಕೇಲ್ ಇಟ್ಟು. ಅದೇ ಲಾಟಿನ ಎಷ್ಟು ಮೋಟರ್ ಸರಿಯಾಗಿ ಹಾರಿದವು ಎಂಬುದನ್ನೂ ಬರೆಯಿರಿ. ಅದಿಲ್ಲದಿದ್ದರೆ ಒಂದು ಸಿಡಿದದ್ದು ಹತ್ತರಲ್ಲೋ ನೂರರಲ್ಲೋ ತಿಳಿಯದು. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, 1957ರಲ್ಲಿ ಹುಟ್ಟಿದ್ದು, ಇಂಥ ವರದಿ ಕೂಡಿಹಾಕಲೆಂದೇ ಒಂದು ಸಮೀಕ್ಷೆ ನಡೆಸುತ್ತದೆ. ಮೋಟರುಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸಮಿತಿಯೂ ಅದರದ್ದೇ. ತಯಾರಕರಿಗೂ ಇದೇ ಪುಟ ಕಳಿಸಿ. ಫೋಟೊ, ಲಾಟ್ ಸಂಖ್ಯೆ ಇರುವ ದೂರಿಗೆ ಸಿಗುವ ಉತ್ತರವೇ ಬೇರೆ. ಅದೇ ಪ್ಯಾಕೆಟ್ಟಿನಲ್ಲಿ ಉಳಿದ ಮೋಟರುಗಳು ಅದೇ ಲಾಟಿನವು, ಅದೇ ಬಿಸಿಲು ಕಂಡವು. ಅವನ್ನು ತಿಂಗಳುಗಟ್ಟಲೆ ಕೂತು ಮಾಡಿದ ರಾಕೆಟ್ಟಿಗೆ ಹಾಕಬೇಡಿ, ಹೋದರೆ ಹೋಗಲಿ ಎನ್ನುವಂಥದ್ದಕ್ಕೆ ಹಾಕಿ, ಎಲ್ಲರನ್ನೂ ಇನ್ನಷ್ಟು ಹಿಂದೆ ನಿಲ್ಲಿಸಿ.

ಹಾರಿಸದೆ ಕೈಬಿಟ್ಟ ಕರಿಮದ್ದಿನ ಮೋಟರನ್ನು ಇಗ್ನೈಟರ್ ತೆಗೆದು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಕಾಗದ ಸುರುಳಿ ಬಿಚ್ಚಿ, ಮಣ್ಣು, ಮದ್ದು ಕೆಸರಾಗುವವರೆಗೆ, ಕೆಲವು ದಿನವೇ ಹಿಡಿಯಲಿ. ಆ ಕೆಸರನ್ನು ಒಣಗಿಸಬೇಡಿ, ಒದ್ದೆಯಿರುವಾಗಲೇ ಕಸಕ್ಕೆ ಕಳಿಸಿ. ನೀರಿನಲ್ಲಿ ಪೆಟ್ಲುಪ್ಪು ಕರಗಿರುತ್ತದೆ, ಅದು ದನಗಳಿಗೆ ವಿಷ. ಬಾವಿ, ಹಳ್ಳ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬಾರದು. ಕಾಂಪೋಸಿಟ್ ಮೋಟರಿಗೆ ಈ ಉಪಾಯ ನಡೆಯುವುದಿಲ್ಲ: ರಬ್ಬರಿನಂಥ ಆ ಮದ್ದು ನೀರಲ್ಲಿ ಕರಗಿ ಬಿಚ್ಚಿಕೊಳ್ಳುವುದಿಲ್ಲ, ಅದರೊಳಗಿನ ಪರ್‌ಕ್ಲೋರೇಟ್ ಮಾತ್ರ ನೀರಿಗಿಳಿದು ನೀರು ಕೆಡಿಸುತ್ತದೆ. ಅದನ್ನು ನೆನೆಸಬೇಡಿ, ಸುಡಬೇಡಿ, ಒಡೆಯಬೇಡಿ. ಇಗ್ನೈಟರ್ ತೆಗೆದು, ಡಬ್ಬಿಯ ಮೇಲೆ ಕೆಟ್ಟದ್ದೆಂದು ಬರೆದು, ಯಾವ ಪರವಾನಗಿದಾರರಿಂದ ಪಡೆದಿರೋ ಅವರಿಗೇ ಮರಳಿಸಿ.